ತಾರಸಿಯ ಕೆಳಗಿನ ಊಟ

ಸಿಪಾಯಿ ಕಾಟೇಜಿನ ತಾರಸಿಯನ್ನು ಹಾಳು ಮಾಡಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೂ ಮುಚ್ಚಿಟ್ಟು ಓದುವವರನ್ನು ಆಟ ಆಡಿಸುವ ವಯಸ್ಸು ನನ್ನದಲ್ಲ. ಮಳೆಯ ತಪ್ಪಲ್ಲ, ಗೆದ್ದಲಿನ ತಪ್ಪಲ್ಲ, ಎಪ್ಪತ್ತು ವರ್ಷದ ತೇಗದ ತೊಲೆಯ ತಪ್ಪಂತೂ ಅಲ್ಲವೇ ಅಲ್ಲ. ತಪ್ಪು ನನ್ನದು: ಓವರ್‌ಸಿಯರ್ ವೆಂಕಟೇಶಮೂರ್ತಿ, ಆಗ ಇಪ್ಪತ್ತಮೂರು ವರ್ಷ, ತಲೆ ತುಂಬ ಡಿಪ್ಲೊಮಾ, ಅಂಗಿಯ ಜೇಬಿನಲ್ಲಿ ಎರಡು ಪೆನ್ನು.

ಚಿಕ್ಕಬಳ್ಳಾಪುರದಿಂದ ಪೆರೇಸಂದ್ರದ ಕಡೆಗೆ ಹೋಗುವಾಗ, ಊರು ಮುಗಿದು ರಾಗಿ ಹೊಲ ಶುರುವಾಗುವ ಕಡೆ, ಎಡಕ್ಕೆ ಒಂದು ದಿಣ್ಣೆ. ಅದರ ಮೇಲೆ ಆ ಕಟ್ಟಡ. ಟರ್ನ್‌ಬುಲ್ ಎಂಬ ಕೆರೆ ಕಾಲುವೆಗಳ ಇಂಜಿನಿಯರ್ ದೊರೆ, ಎದೆ ಕಾಯಿಲೆಯ ಹೆಂಡತಿಗೆ ಒಳ್ಳೆಯ ಗಾಳಿ ಸಿಗಲಿ ಎಂದು ಅದನ್ನು ಕಟ್ಟಿಸಿದ. ಆಕೆ ಅಲ್ಲಿ ಎರಡು ಚಳಿಗಾಲ ಮಾತ್ರ ಬದುಕಿದಳು. ದೊರೆ ಬಾಗಿಲು ಹಾಕಿಕೊಂಡು ಇಂಗ್ಲೆಂಡಿಗೆ ವಾಪಸ್ ಹೋದ. ಮೊದಲನೇ ಯುದ್ಧ ಮುಗಿದು ಬಸ್ರಾದಿಂದ ಸಿಪಾಯಿಗಳು ಕೈಯೋ ಕಾಲೋ ಕಳೆದುಕೊಂಡು ಬಂದಾಗ, ಅವನ ಕಡೆಯವರು ಅದನ್ನು ಅವರಿಗೆಂದು ಬಿಟ್ಟುಕೊಟ್ಟರು. ಎರಡನೇ ಯುದ್ಧದ ನಂತರ ಬರ್ಮಾದಿಂದ ಬಂದವರು ಸೇರಿದರು. ಊರಿನ ಬಾಯಲ್ಲಿ ಅದು ಸಿಪಾಯಿ ಕಾಟೇಜು. ನೋಡಿಕೊಳ್ಳುವುದಕ್ಕೆ ಊರಿನ ಹಿರಿಯರ ಒಂದು ಸಮಿತಿ ಇತ್ತು. ನಿವೃತ್ತ ಸುಬೇದಾರ್ ನರಸಿಂಹಪ್ಪನವರು ಅದರ ಕಾರ್ಯದರ್ಶಿ. ಸರ್ಕಾರದ ಕಡೆಯಿಂದ ಕಟ್ಟಡದ ರಿಪೇರಿ ಕೆಲಸ ನನ್ನ ಪಾಲಿಗೆ ಬಂದಿತ್ತು.

ಚೆಂದದ ಕಟ್ಟಡ, ಸುಳ್ಳು ಹೇಳಬಾರದು. ಎರಡಡಿ ದಪ್ಪದ ಕಲ್ಲು ಗೋಡೆ. ಮುಂದೆ ಉದ್ದಕ್ಕೆ ವರಾಂಡ, ಕಡೆದ ಮರದ ಕಂಬಗಳು. ಕಿಟಕಿಗಳ ಮೇಲೆ ಮರದ ಪಟ್ಟಿಗಳಿಂದ ಮಾಡಿದ ಚೂಪು ಮುಚ್ಚಿಗೆ. ನಮ್ಮ ಗಾರೆಯವರು ಅದಕ್ಕೆ ಕೋತಿ ಟೊಪ್ಪಿ ಅನ್ನುತ್ತಿದ್ದರು. ನಡುವೆ ದೊಡ್ಡ ಹಾಲು, ಸುತ್ತ ಕೋಣೆಗಳು. ಪಡುವಣ ಮೂಲೆಯ ಕೋಣೆಯಲ್ಲಿ ದೊರೆಸಾನಿ ಮಲಗುತ್ತಿದ್ದಳಂತೆ, ಸಂಜೆ ಬಿಸಿಲು ಬೀಳಲಿ ಎಂದು. ಹಾಲಿನ ಮೇಲಿಂದ ಹೊರಟ ದೊಡ್ಡ ತೊಲೆ ನಡುಗೋಡೆಯ ಮೇಲೆ ಹಾದು ಆ ಕೋಣೆಯ ಹೊರಗೋಡೆಯಲ್ಲಿ ಹೋಗಿ ಕೂರುತ್ತಿತ್ತು. ಎಲ್ಲಕ್ಕೂ ಮೇಲೆ ಮದ್ರಾಸ್ ತಾರಸಿ. ತೇಗದ ತೊಲೆ, ಅದರ ಮೇಲೆ ಸಣ್ಣ ಜಂತೆಗಳು, ಜಂತೆಗಳ ಮೇಲೆ ತೆಳು ಇಟ್ಟಿಗೆಯನ್ನು ಮಗ್ಗುಲಾಗಿ ಜೋಡಿಸಿ, ಮೇಲೆ ಇಟ್ಟಿಗೆ ಚೂರು ಸೇರಿಸಿದ ಸುಣ್ಣದ ಗಾರೆ ಸುರಿದು, ಹೆಂಗಸರು ಸಾಲಾಗಿ ಕೂತು ಮರದ ಕೊಡತಿಯಿಂದ ಹದಿನೈದು ದಿನ ಬಡಿದು ಗಟ್ಟಿ ಮಾಡಿದ್ದು. ಬಡಿಯುವಾಗ ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಾ ಇರಬೇಕು. ನಾನು ಪಾಠದಲ್ಲಿ ಇದನ್ನು ಒಂದು ಪ್ಯಾರಾದಲ್ಲಿ ಓದಿದ್ದೆ. ಪ್ಯಾರಾದ ಕೊನೆಯಲ್ಲಿ ‘ಹಳೆಯ ಪದ್ಧತಿ’ ಎಂದಿತ್ತು. ನನಗೆ ಅಷ್ಟೇ ಸಾಕಾಯಿತು.

ಐವತ್ತಾರರ ಮಳೆಗಾಲದಲ್ಲಿ ಹಾಲಿನ ಮೂಲೆಯಲ್ಲಿ ಸ್ವಲ್ಪ ಸೋರಿತು. ಸುಣ್ಣದ ಗಾರೆ ಕೆಲಸದಲ್ಲಿ ಆ ಸೀಮೆಗೆಲ್ಲ ಹೆಸರಾಗಿದ್ದ ಮುನಿಶಾಮಪ್ಪನನ್ನು ಕರೆಸಿದರು. ಅವನ ತಾತ ಇದೇ ತಾರಸಿಗೆ ಗಾರೆ ಕಲಸಿದವನಂತೆ. ಮುನಿಶಾಮಪ್ಪ ತಾರಸಿ ಮೇಲೆಲ್ಲ ಬರಿಗಾಲಲ್ಲಿ ಓಡಾಡಿ, ಕೋಲಿನಿಂದ ಅಲ್ಲಲ್ಲಿ ಕುಟ್ಟಿ ಕಿವಿಗೊಟ್ಟು, ಒಂದು ಚಾಪೆಯಗಲ ಜಾಗ ತೋರಿಸಿ ಇಷ್ಟನ್ನು ಕಿತ್ತು ಮತ್ತೆ ಬಡಿದರೆ ಸಾಕು ಎಂದ. ನಾನು ಬೇಡವೆಂದೆ. ಪರ್ಮಿಟ್ ಸಿಮೆಂಟು ತರಿಸಿದ್ದೇನೆ, ಇಡೀ ತಾರಸಿಗೆ ಒಂದಂಗುಲ ಸಿಮೆಂಟ್ ಬಳಿದುಬಿಡೋಣ, ಇನ್ನು ಐವತ್ತು ವರ್ಷ ಯಾರೂ ತಲೆ ಎತ್ತಿ ನೋಡುವ ಹಾಗಿಲ್ಲ ಎಂದೆ.

“ಬ್ಯಾಡಿ ಸ್ವಾಮಿ,” ಎಂದ ಮುನಿಶಾಮಪ್ಪ. “ಸುಣ್ಣ ಮಳೇಲಿ ನೀರು ಕುಡೀತದೆ, ಬಿಸಿಲಲ್ಲಿ ವಾಪಸ್ ಕೊಡ್ತದೆ. ನಿಮ್ಮ ಸಿಮೆಂಟು ಅದರ ಬಾಯಿ ಮುಚ್ತದೆ. ಸಿಮೆಂಟು ಬಿರುಕು ಬಿಡೋದಂತೂ ಬಿಡ್ತದೆ. ಅದರೊಳಗೆ ಇಳಿದ ನೀರು ಆಮೇಲೆ ಎಲ್ಲಿಂದ ಹೊರಗೆ ಬರ್ಬೇಕು? ಕೆಳಗಿರೋದು ಮರ.”

“ನೀನು ಹೇಳೋದನ್ನೆಲ್ಲ ಯಾವ ಪುಸ್ತಕದಲ್ಲಿ ಬರೆದಿದ್ದಾರಪ್ಪ?” ಎಂದು ನಾನು ಕೇಳಿದೆ. ಜೊತೆಯಲ್ಲಿದ್ದವರು ನಕ್ಕರು. ಅವರು ನಕ್ಕದ್ದು ನನಗೆ ಹಿತವಾಯಿತು.

ಮುನಿಶಾಮಪ್ಪ ಕೋಪ ಮಾಡಿಕೊಳ್ಳಲಿಲ್ಲ. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. “ಆಯ್ತು ಸ್ವಾಮಿ. ನಮ್ಮಲ್ಲೊಂದು ಪದ್ಧತಿ ಐತೆ. ತಾರಸಿಗೆ ಕೈ ಹಾಕಿದವನು ಮೊದಲ್ನೇ ಮಳೆಗೆ ಹೆಂಡ್ತಿ ಮಕ್ಕಳ ಸಮೇತ ಅದರ ಕೆಳಗೆ ಕೂತು ಊಟ ಮಾಡ್ಬೇಕು. ಅಷ್ಟು ಮಾಡಿಬಿಡಿ. ನಾನು ಇನ್ನೊಂದು ಮಾತಾಡಲ್ಲ.”

ನಾನು ಊಟ ಮಾಡಲಿಲ್ಲ. ಆಗ ಹೆಂಡತಿ ಮಕ್ಕಳೂ ಇರಲಿಲ್ಲ, ಪುರುಸೊತ್ತೂ ಇರಲಿಲ್ಲ. ಸೋರುವುದು ನಿಂತಿತು. ಮೇಲಿನ ಸಾಹೇಬರು ಬಂದು ನೋಡಿ, ಹುಡುಗ ಚುರುಕಾಗಿದ್ದಾನೆ ಎಂದು ಬರೆದರು. ನನ್ನ ಕೆಲಸ ಕಾಯಂ ಆದದ್ದು ಆ ಸಿಮೆಂಟಿನಿಂದಲೇ. ಅದೇ ವರ್ಷ ಶಿಡ್ಲಘಟ್ಟದಲ್ಲಿ ಮೇಷ್ಟರಾಗಿದ್ದ ನಮ್ಮ ತಂದೆ, ಚಿಂತಾಮಣಿಯ ಕನಕಲಕ್ಷ್ಮಿಯನ್ನು ನೋಡಿ ನನಗೆ ಮದುವೆ ಮಾಡಿದರು. ಮರುವರ್ಷ ಮಗಳು ಹುಟ್ಟಿದಳು. ವಿಜಯ ಎಂದು ಹೆಸರಿಟ್ಟೆವು.

ಐದು ಮಳೆಗಾಲ ಕಳೆದವು.

ಅರವತ್ತೊಂದರಲ್ಲಿ ಕಾಟೇಜಿನಲ್ಲಿ ಹತ್ತು ಜನ ಇದ್ದರು. ಅವರಲ್ಲಿ ಇಬ್ಬರ ಹೆಸರು ಹೇಳಿದರೆ ಸಾಕು. ಒಬ್ಬ ಬಯ್ಯಪ್ಪ, ಎರಡೂ ಕಾಲು ಮೊಣಕಾಲಿನ ಮೇಲಿಂದಲೇ ಇಲ್ಲ, ಹಾಲಿನಲ್ಲೇ ಅವನ ಮಂಚ, ಬಾಯಿ ತೆರೆದರೆ ಅರ್ಧ ತೆಲುಗು, ಅರ್ಧ ತಮಾಷೆ. ಇನ್ನೊಬ್ಬ ಹವಾಲ್ದಾರ್ ಚೆನ್ನರಾಯಪ್ಪ. ಮೈಯಲ್ಲಿ ಒಂದು ಗಾಯದ ಗುರುತಿಲ್ಲ. ಬರ್ಮಾದಲ್ಲಿ ಮರದ ದಿಮ್ಮಿ ಹೊದಿಸಿದ ಬಂಕರು ಕುಸಿದು ಅವನ ಜೊತೆಯವರು ಮಣ್ಣಾದರು, ಇವನೊಬ್ಬ ಉಳಿದ ಎಂದು ಎಲ್ಲರೂ ಹೇಳುತ್ತಿದ್ದರು. ಅವನು ಮಾತ್ರ ಅದರ ವಿಷಯ ಎತ್ತುತ್ತಿರಲಿಲ್ಲ.

ಆ ವರ್ಷದ ಆಷಾಢದಿಂದ ಚೆನ್ನರಾಯಪ್ಪನಿಗೆ ಒಂದು ಹಟ ಹಿಡಿಯಿತು. ಮಳೆ ಹನಿ ಬೀಳುತ್ತಲೇ ಎದ್ದು ನಿಂತು ಎಲ್ಲರನ್ನೂ ಹೊರಗೆ ಹೊರಡಿಸುತ್ತಿದ್ದ. ಬಾರದವರನ್ನು ರಟ್ಟೆ ಹಿಡಿದು ಎಳೆಯುತ್ತಿದ್ದ. ಬಯ್ಯಪ್ಪನನ್ನು ಮಂಚದ ಸಮೇತ ವರಾಂಡಕ್ಕೆ ಜಗ್ಗುತ್ತಿದ್ದ. “ತೊಲೆ ಮಾತಾಡ್ತದೆ,” ಎನ್ನುತ್ತಿದ್ದ. ಎಂಬತ್ತು ದಾಟಿದ ಒಬ್ಬ ಸಿಪಾಯಿ ಹಾಗೆ ಮಳೆಯಲ್ಲಿ ನೆನೆದು, ಜ್ವರ ಬಂದು, ವಾರದಲ್ಲಿ ಹೋಗಿಬಿಟ್ಟ. ಅಲ್ಲಿಂದ ಎಲ್ಲರೂ ಅವನ ಮೇಲೆ ತಿರುಗಿಬಿದ್ದರು.

ಸುಬೇದಾರರು ನನ್ನನ್ನು ಕರೆಸಿದರು. “ಮೂರ್ತಿಯವರೇ, ಒಂದು ಸಲ ಪೂರ್ತಿ ನೋಡಿಬಿಡಿ. ಕಟ್ಟಡ ಭದ್ರವಾಗಿದೆ ಅಂತ ನೀವು ಬರೆದುಕೊಟ್ರೆ ಇವನನ್ನ ಬೆಂಗಳೂರಿನ ಹುಚ್ಚಾಸ್ಪತ್ರೆಗೆ ಕಳಿಸೋಕೆ ದಾರಿಯಾಗತ್ತೆ. ಪಾಪದೋನೇ, ಆದ್ರೆ ಇನ್ನೂ ಎಂಟು ಜನ ಇದ್ದಾರಲ್ಲ.”

ನಾನು ಏಣಿ ಹಾಕಿಸಿಕೊಂಡು ಹತ್ತಿದೆ. ಅಡಿಗೆಯ ಅಮ್ಮಾಜಮ್ಮ ಏಣಿ ಹಿಡಿದುಕೊಂಡು ನಿಂತಿದ್ದಳು. ಅವಳ ಗಂಡನೂ ಪಟಾಲಮ್ಮಿನಲ್ಲಿದ್ದವನೇ. “ದಿನಾ ಪುಡಿ ಉದುರ್ತದೆ ಸ್ವಾಮಿ,” ಎಂದಳು. “ಗುಡಿಸಿ ಗುಡಿಸಿ ನನ್ನ ಸೊಂಟ ಬಿದ್ದೋಯ್ತು.”

“ಯಾವ ಬಣ್ಣ?” ಎಂದು ಕೇಳಿದೆ.

“ಬಿಳೀದು. ಸುಣ್ಣ.”

ನನಗೆ ಸಮಾಧಾನವಾಯಿತು. ಹಳೇ ಕಟ್ಟಡದಲ್ಲಿ ಸುಣ್ಣ ಉದುರುತ್ತದೆ, ಅದರಿಂದ ಯಾರೂ ಸತ್ತಿಲ್ಲ. ಕಂದು ಪುಡಿ ಬಂದರೆ ಮಾತ್ರ ಹೆದರಬೇಕು. ಕಂದು ಅಂದರೆ ಮರ.

ಹಾಲಿನ ತೊಲೆ ನೋಡಿದೆ, ಮೇಲ್ನೋಟಕ್ಕೆ ಸರಿಯಿತ್ತು. ಆಮೇಲೆ ಪಡುವಣ ಕೋಣೆಗೆ ಏಣಿ ತಂದು ಹತ್ತಿದೆ. ತೊಲೆ ಹೊರಗೋಡೆಯಲ್ಲಿ ಇಳಿಯುವ ಕಡೆ ಬಣ್ಣ ಸ್ವಲ್ಪ ಉಬ್ಬಿತ್ತು. ಜೇಬಿನಿಂದ ಮನೆಯ ಬೀಗದ ಕೈ ತೆಗೆದು ಒತ್ತಿ ನೋಡಿದೆ. ಬೀಗದ ಕೈ ಒಳಗೆ ಹೋಯಿತು. ಹಣ್ಣಾದ ಪರಂಗಿಗೆ ಚಾಕು ಇಳಿದ ಹಾಗೆ, ಕೈಗೆ ಏನೂ ತಡೆಯದೆ, ಹಿಡಿಯವರೆಗೂ ಹೋಯಿತು. ಎಳೆದುಕೊಂಡಾಗ ಅದರ ಹಲ್ಲಿನಲ್ಲಿ ಒದ್ದೆ ಕಂದು ಹಿಟ್ಟು ಮೆತ್ತಿಕೊಂಡು ಬಂತು.

ನಾನು ಏಣಿಯನ್ನು ಅಪ್ಪಿ ಹಿಡಿದುಕೊಂಡೆ. ಕೆಳಗಿಂದ ಅಮ್ಮಾಜಮ್ಮ, “ಯಾಕೆ ಸ್ವಾಮಿ, ತಲೆ ತಿರುಗ್ತಾ?” ಎಂದಳು.

“ಏನಿಲ್ಲಮ್ಮ. ಸ್ವಲ್ಪ ಸುಣ್ಣ ತಗೊಂಡು ಬಾ,” ಎಂದೆ.

ಆ ತೂತಿಗೆ ಸುಣ್ಣ ಒತ್ತಿ ನಾನೇ ಬೆರಳಿನಿಂದ ಸವರಿ ಮುಚ್ಚಿದೆ. ಇದನ್ನು ಬರೆಯುವಾಗ ಇವತ್ತಿಗೂ ಆ ಬೆರಳು ಕಂಡರೆ ಅಸಹ್ಯವಾಗುತ್ತದೆ. ನಾನು ದುಷ್ಟನಾಗಿರಲಿಲ್ಲ. ಪುಕ್ಕಲನಾಗಿದ್ದೆ. ನಿಜ ಹೇಳಿದರೆ ಸಿಮೆಂಟಿನ ಮಾತು ಬರುತ್ತದೆ, ಮುನಿಶಾಮಪ್ಪನ ಮಾತು ಬರುತ್ತದೆ, ವಿಚಾರಣೆ ಆಗುತ್ತದೆ, ಕೆಲಸ ಹೋಗುತ್ತದೆ. ಕನಕಲಕ್ಷ್ಮಿ ಮತ್ತೆ ಬಸುರಿಯಾಗಿದ್ದಳು. ಈ ಒಂದು ಮಳೆಗಾಲ ತಡೆದುಕೊಂಡರೆ ಸಾಕು, ಬೇಸಿಗೆಯಲ್ಲಿ ಏನಾದರೂ ನೆಪ ಹೇಳಿ ತೊಲೆ ಬದಲಾಯಿಸುತ್ತೇನೆ ಎಂದುಕೊಂಡೆ. ತೇಗ, ತಡೆಯುತ್ತದೆ. ಎಪ್ಪತ್ತು ವರ್ಷ ತಡೆದದ್ದು ಎರಡು ತಿಂಗಳು ತಡೆಯಲಾರದೆ?

‘ಕಟ್ಟಡವು ಸುಭದ್ರವಾಗಿರುತ್ತದೆ’ ಎಂದು ಬರೆದು ರುಜು ಹಾಕಿದೆ.

ಹೊರಡುವಾಗ ವರಾಂಡದಲ್ಲಿ ಚೆನ್ನರಾಯಪ್ಪ ಎದುರಾದ. ಎತ್ತರದ ಆಳು, ತಲೆ ಬಗ್ಗಿಸಿ ನನ್ನ ಮುಖವನ್ನೇ ನೋಡಿದ. “ನಿಮಗೆ ಕೇಳಿಸ್ಲಿಲ್ವಾ ಸ್ವಾಮಿ?”

“ಇಲ್ಲಪ್ಪ. ಎಲ್ಲಾ ಸರಿಯಾಗಿದೆ.”

“ಹಂಗಾದ್ರೆ ನನ್ನ ತಲೇನೇ ಕೆಟ್ಟಿರಬೇಕು,” ಎಂದು ಅವನು ತೀರಾ ಮೆಲ್ಲಗೆ ಹೇಳಿದ. ಓದಿದವನು ಹೇಳಿದ ಮೇಲೆ ಮುಗಿಯಿತು ಎಂದು ನಂಬಿದವನ ದನಿ ಅದು. ನಾನು ಸೈಕಲ್ಲು ಹತ್ತಿದೆ.

ಆವತ್ತಿನಿಂದ ನನಗೆ ಮೋಡ ಕಾಯುವುದೇ ಕೆಲಸವಾಯಿತು. ಕಛೇರಿಯಲ್ಲಿ ಕೂತಿದ್ದರೂ ಕಿಟಕಿಯಿಂದ ಕಳವಾರ ಬೆಟ್ಟದ ಕಡೆ ನೋಡುತ್ತಿದ್ದೆ. ಅತ್ತ ಕಪ್ಪಾದರೆ ಕೈಯಲ್ಲಿನ ನಕ್ಷೆ ಕಾಣಿಸುತ್ತಿರಲಿಲ್ಲ. ಒಂದೊಂದು ಮಳೆ ನಿಂತ ಮೇಲೂ ಸೈಕಲ್ ತೆಗೆದುಕೊಂಡು ದಿಣ್ಣೆಯ ಬುಡದವರೆಗೂ ಹೋಗಿ, ಕಟ್ಟಡ ನಿಂತಿರುವುದನ್ನು ದೂರದಿಂದ ನೋಡಿ ವಾಪಸಾಗುತ್ತಿದ್ದೆ. ಕನಕಲಕ್ಷ್ಮಿ, “ಯಾಕ್ರೀ ಇಷ್ಟು ಸೊರಗಿದ್ದೀರಿ? ಯಾರಾದ್ರೂ ಏನಾದ್ರೂ ಅಂದ್ರಾ?” ಎಂದು ಕೇಳಿದಳು. ಅವಳಿಗೂ ಹೇಳಲಿಲ್ಲ.

ಆಯುಧಪೂಜೆ ಬಂತು. ಕಾಟೇಜಿನಲ್ಲಿ ವರ್ಷಕ್ಕೊಮ್ಮೆ ಅದೇ ದೊಡ್ಡ ದಿನ. ಎಲ್ಲರೂ ತಮ್ಮ ತಮ್ಮ ಪದಕ, ಬೆಲ್ಟು, ಬೂಟು ತೊಳೆದು ತಿಕ್ಕಿ ಹಾಲಿನ ಮೇಜಿನ ಮೇಲೆ ಇಟ್ಟು ಪೂಜೆ ಮಾಡುತ್ತಿದ್ದರು. ಆ ಸಲ ಬೆಂಗಳೂರಿನಿಂದ ಒಬ್ಬ ಮಿಲಿಟರಿ ಅಧಿಕಾರಿ ಬರುವವರಿದ್ದರು. ಸುಬೇದಾರರು ನನ್ನನ್ನು ಸಂಸಾರ ಸಮೇತ ಊಟಕ್ಕೆ ಕರೆದರು. ನಮ್ಮಂಥವರಿಗೆ ತೊಂದರೆಯಾಗದಿರಲಿ ಎಂದು ಅಗ್ರಹಾರದಿಂದ ಅಡಿಗೆಯವರನ್ನೂ ಕರೆಸಿದ್ದರು. ತಪ್ಪಿಸಿಕೊಳ್ಳಲು ನನಗೆ ಯಾವ ನೆಪವೂ ಸಿಗಲಿಲ್ಲ. ಭದ್ರವಾಗಿದೆ ಎಂದು ಬರೆದುಕೊಟ್ಟವನು ಒಳಗೆ ಬರಲು ಹೆದರುತ್ತಾನೆಂದು ಯಾರಾದರೂ ಅಂದರೆ?

ಹೋದಾಗ ಬಿಸಿಲಿತ್ತು. ಆ ಬಿಸಿಲು ನೋಡಿ ನಾನು ಮನಸ್ಸಿನಲ್ಲೇ ಕೈಮುಗಿದೆ. ಚೆನ್ನರಾಯಪ್ಪ ಕಾಣಲಿಲ್ಲ.

“ಪಡುವಣ ಕೋಣೇಲಿ ಕೂರಿಸಿ ಬೀಗ ಹಾಕಿದ್ದೀನಿ,” ಎಂದು ಸುಬೇದಾರರು ಕಿವಿಯಲ್ಲಿ ಹೇಳಿದರು. “ಅಧಿಕಾರಿಗಳ ಎದುರಿಗೆ ಕುಣಿದರೆ ಮರ್ಯಾದೆ ಹೋಗತ್ತೆ. ಊಟ ಅಲ್ಲಿಗೇ ಕೊಟ್ಟಿದ್ದೀವಿ. ಸೋಮವಾರ ಬೆಂಗಳೂರಿಗೆ ಕರ್ಕೊಂಡು ಹೋಗ್ತಾರೆ.”

ಅದೇ ಕೋಣೆ. ಬೇರೆ ಕೋಣೆಗೆ ಹಾಕಿ ಎನ್ನಲು ಬಾಯಿ ತೆರೆದೆ. ಯಾಕೆ ಎಂದು ಕೇಳಿದರೆ ಏನು ಹೇಳಲಿ? ಬಾಯಿ ಮುಚ್ಚಿಕೊಂಡೆ.

ಪೂಜೆ ಮುಗಿದು ಎಲೆ ಹಾಕುವ ಹೊತ್ತಿಗೆ ಹಾಲಿನಲ್ಲಿ ಬೆಳಕು ಕುಗ್ಗಿತು. ಕಿಟಕಿಯ ಆಚೆ ಬೆಟ್ಟ ಕಾಣುತ್ತಿರಲಿಲ್ಲ. ಕೂತವರು ಮೂವತ್ತು ಜನ ಇದ್ದೆವು. ನನ್ನ ಮಗಳು ಹೊಸ ಲಂಗ ಹಾಕಿಕೊಂಡು ಬಯ್ಯಪ್ಪನ ಮಂಚದ ಪಕ್ಕ ಕೂರುತ್ತೇನೆಂದು ಹಟ ಮಾಡಿದಳು. ಅವನು ಅವಳಿಗೆ ತೆಲುಗಿನಲ್ಲಿ ಎಣಿಸಲು ಕಲಿಸುತ್ತಿದ್ದ. ಅವನ ಮಂಚ ನಡುಗೋಡೆಗೆ ಒತ್ತಿಕೊಂಡಿತ್ತು. ಅದರ ಮೇಲೆ ತೊಲೆ.

ಅನ್ನ ಬಡಿಸುವಾಗ ಮಳೆ ಶುರುವಾಯಿತು. ಹದಿನೈದು ದಿನದಿಂದ ಕಟ್ಟಿದ್ದ ಮಳೆ, ಒಂದೇ ಸಲಕ್ಕೆ ಸುರಿಯಿತು. ತಾರಸಿಯ ಸಿಮೆಂಟಿನ ಮೇಲೆ ಅದರ ಸದ್ದು ಒಣ ಚರ್ಮದ ಮೇಲೆ ಹುರುಳಿ ಸುರಿದಂತಿತ್ತು. ಪಡುವಣ ಕೋಣೆಯ ಬಾಗಿಲು ದಡದಡ ಬಡಿದುಕೊಂಡಿತು. ಒಳಗಿಂದ ಚೆನ್ನರಾಯಪ್ಪನ ದನಿ: “ಆಚೆಗೆ ಹೋಗ್ರಪ್ಪಾ. ಎಲ್ಲಾರೂ ಆಚೆಗೆ ಹೋಗಿ.”

ಅಧಿಕಾರಿ ತಲೆ ಎತ್ತಿದರು. ಸುಬೇದಾರರು ಅವರಿಗೆ ಏನೋ ಹೇಳಿದರು. ಅಧಿಕಾರಿ ಪಾಪ ಎಂಬಂತೆ ತಲೆಯಾಡಿಸಿ ಊಟ ಮುಂದುವರಿಸಿದರು. ನಾನೂ ಒಂದು ತುತ್ತು ಕಲಸಿದೆ. ಎಲೆಯಲ್ಲೇ ಬಿಟ್ಟೆ. ತಲೆ ಎತ್ತಬಾರದು, ತಲೆ ಎತ್ತಿದರೆ ಎಲ್ಲರೂ ಎತ್ತುತ್ತಾರೆ ಎಂದುಕೊಂಡು ಎದುರು ಸಾಲಿನಲ್ಲಿದ್ದ ಮಗಳ ಎಲೆಯನ್ನೇ ನೋಡುತ್ತಾ ಕೂತೆ. ಬಿಳಿ ಅನ್ನದ ಮೇಲೆ ತುಪ್ಪ. ತುಪ್ಪದ ಮೇಲೆ ಏನೋ ಉದುರಿತು. ಮತ್ತೊಂದು ಚಿಟಿಕೆ ಉದುರಿತು.

ಕಂದು.

ಆಮೇಲೆ ನಡೆದದ್ದನ್ನು ನಾನು ಮಾಡಿದೆ ಎನ್ನುವುದಕ್ಕಿಂತ ನನ್ನ ಕಾಲು ಮಾಡಿತು ಎನ್ನಬೇಕು. ಎದ್ದೆ, ಎಲೆಗಳನ್ನು ತುಳಿದುಕೊಂಡು ದಾಟಿದೆ, ಮಗಳನ್ನು ಎಂಜಲು ಕೈಯಲ್ಲೇ ಎತ್ತಿಕೊಂಡೆ, ಬಾಗಿಲ ಕಡೆ ಓಡಿದೆ. ಒಂದು ಮಾತೂ ಆಡಲಿಲ್ಲ. ಬಸುರಿ ಹೆಂಡತಿಯನ್ನೂ ಕೂಗಲಿಲ್ಲ. ವರಾಂಡ ದಾಟಿ, ಮಳೆಯಲ್ಲಿ ಹುಣಿಸೆಮರದ ಕೆಳಗೆ ನಿಂತಾಗ ನನಗೆ ಎಚ್ಚರವಾಯಿತು.

ಕಾಟೇಜಿನೊಳಗೆ ಮಿಕ್ಕವರೆಲ್ಲ ಕೈಯಲ್ಲಿ ತುತ್ತು ಹಿಡಿದುಕೊಂಡು ಬಾಗಿಲಿಂದ ನನ್ನನ್ನು ನೋಡುತ್ತಿದ್ದರು. ಯಾರಿಗೂ ಏನನ್ನೂ ವಿವರಿಸಬೇಕಾಗಿರಲಿಲ್ಲ. ಭದ್ರವಾಗಿದೆ ಎಂದು ರುಜು ಹಾಕಿದವನು ತನ್ನ ಮಗುವನ್ನು ಎತ್ತಿಕೊಂಡು ಓಡಿದ್ದಾನೆ. ಮೊದಲು ತಲೆ ಎತ್ತಿ ತಾರಸಿ ನೋಡಿದವಳು ಅಮ್ಮಾಜಮ್ಮ. ಸಿಪಾಯಿಗಳ ಸಾಲಿಗೆ ತಂದಿದ್ದ ಸಾರಿನ ಪಾತ್ರೆ ಅಲ್ಲೇ ಇಟ್ಟು, ಕನಕಲಕ್ಷ್ಮಿಯ ಕೈ ಹಿಡಿದು ಎಬ್ಬಿಸಿದಳು. ಆಮೇಲೆ ಎಲ್ಲರೂ ಎದ್ದರು. ಊರುಗೋಲಿನವರು, ಕುರುಡರು, ಅಧಿಕಾರಿ, ಅಡಿಗೆಯವರು, ಒಬ್ಬರನ್ನೊಬ್ಬರು ತಳ್ಳಿಕೊಂಡು ಮಳೆಗೆ ಬಂದರು.

ನಾನು ಎಣಿಸಿದೆ. ಬಯ್ಯಪ್ಪ ಇರಲಿಲ್ಲ. ಬೀಗ ಹಾಕಿದ ಕೋಣೆಯೂ ನೆನಪಾಯಿತು.

“ಬೀಗದ ಕೈ,” ಎಂದೆ ಸುಬೇದಾರರಿಗೆ. ಅವರು ಜೇಬಿನಿಂದ ತೆಗೆದು ಚಾಚಿದರು. ಎರಡು ಯುದ್ಧ ನೋಡಿದ ಮನುಷ್ಯ, ಒಂದು ಹೆಜ್ಜೆ ಮುಂದಿಡಲಿಲ್ಲ. ಅವರನ್ನು ದೂರುವ ಯೋಗ್ಯತೆ ನನಗಿಲ್ಲ. ಮಗಳನ್ನು ಹೆಂಡತಿಯ ಕೈಗೆ ಕೊಟ್ಟೆ. ಅವಳು ನನ್ನ ಮುಖ ನೋಡಲಿಲ್ಲ.

ಮತ್ತೆ ಒಳಗೆ ಹೋಗುವಾಗ ಆ ಹೊಸ್ತಿಲು ದಾಟಲು ಎಷ್ಟು ಹೊತ್ತು ಹಿಡಿಯಿತೋ ತಿಳಿಯದು. ಹಾಲು ಖಾಲಿ. ಮೂವತ್ತು ಎಲೆ, ಮೂವತ್ತು ಅರ್ಧ ಊಟ, ಮೇಜಿನ ಮೇಲೆ ಕುಂಕುಮ ಹಚ್ಚಿದ ಪದಕಗಳು. ಈಗ ಸದ್ದು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಮೇಲೆ ಯಾರೋ ಹಲ್ಲು ಕಡಿಯುತ್ತಿದ್ದ ಹಾಗೆ, ಸ್ವಲ್ಪ ನಿಂತು, ಮತ್ತೆ ಕಡಿಯುತ್ತಿದ್ದ ಹಾಗೆ. ಬಯ್ಯಪ್ಪ ಮಂಚದ ಮೇಲೆ ಎರಡೂ ಕೈ ಊರಿಕೊಂಡು ಕೂತಿದ್ದ. ತಮಾಷೆ ಮಾಡಲಿಲ್ಲ. “ರಾ ಸಾಮಿ, ತ್ವರಗಾ ರಾ,” ಎಂದು ಕರೆದ.

ಮೊದಲು ಬೀಗ ತೆಗೆಯಲು ಹೋದೆ. ಬೀಗದ ಕೈ ತೂತಿಗೆ ಹೋಗದೆ ಬೀಗಕ್ಕೆ ಕಟಕಟ ಬಡಿಯಿತು. ಒಳಗಿನಿಂದ ಚೆನ್ನರಾಯಪ್ಪ ಬಡಿಯುವುದನ್ನು ನಿಲ್ಲಿಸಿ ಶಾಂತವಾಗಿ ಹೇಳಿದ. “ನಿಧಾನ. ಎರಡೂ ಕೈಯಲ್ಲಿ ಹಿಡ್ಕಳಿ. ಎಡಕ್ಕೆ ತಿರುಗ್ಸಿ.”

ಬಾಗಿಲು ತೆರೆಯಿತು. ಅವನ ತಲೆ, ಭುಜದ ಮೇಲೆಲ್ಲ ಕಂದು ಪುಡಿ. ಎದುರಿಗೇ ಹೊರಬಾಗಿಲು, ಹನ್ನೆರಡು ಹೆಜ್ಜೆ. ಅವನು ಅತ್ತ ನೋಡಲೂ ಇಲ್ಲ. “ಯಾರು ಉಳಿದವ್ರೆ?” ಎಂದು ಕೇಳಿದ.

“ಬಯ್ಯಪ್ಪ.”

“ನೀವು ಕಾಲ ಕಡೆ ಹಿಡೀರಿ.”

ಮಂಚವನ್ನು ಎತ್ತಿದೆವು. ಹೊಸ್ತಿಲಲ್ಲಿ ಮಂಚದ ಕಾಲು ಸಿಕ್ಕಿಕೊಂಡಿತು. ಓರೆ ಮಾಡಿ ಎಳೆದೆವು. ವರಾಂಡದ ಮೆಟ್ಟಿಲು ಇಳಿಯುತ್ತಿದ್ದಾಗ ಹಿಂದೆ ದೊಡ್ಡ ಸದ್ದೇನೂ ಆಗಲಿಲ್ಲ. ಉಸಿರು ಬಿಟ್ಟ ಹಾಗೆ ಒಂದು ಗಾಳಿ ಬಂದು ಬೆನ್ನಿಗೆ ತಗುಲಿತು. ತಿರುಗಿ ನೋಡಿದಾಗ ಪಡುವಣ ಕೋಣೆಯಿದ್ದ ಕಡೆ ಧೂಳು, ಆ ಧೂಳಿನ ಮೇಲೆ ಬೀಳುವ ಮಳೆ. ಹಾಲಿನ ಅರ್ಧ ತಾರಸಿಯೂ ಅದರ ಜೊತೆ ಬಂದಿತ್ತು. ಕಿಟಕಿಯ ಮೇಲಿನ ಕೋತಿ ಟೊಪ್ಪಿ ಮಾತ್ರ ಹಾಗೇ ನಿಂತಿತ್ತು.

ಯಾರಿಗೂ ಏನೂ ಆಗಲಿಲ್ಲ. ಯಾರೂ ನನ್ನನ್ನು ಬಯ್ಯಲೂ ಇಲ್ಲ. ಅಮ್ಮಾಜಮ್ಮ ಸೆರಗಿನಿಂದ ನನ್ನ ಮಗಳ ತಲೆ ಒರೆಸುತ್ತಾ ಒಂದೇ ಮಾತು ಅಂದಳು. “ಎತ್ಕೊಂಡು ಹೋಗೋವಾಗ ಒಂದು ಕೂಗು ಹಾಕಬಾರದಾಗಿತ್ತಾ ಸ್ವಾಮಿ.”

ನಾನು ಎಲ್ಲವನ್ನೂ ಬರೆದುಕೊಟ್ಟೆ. ಸಿಮೆಂಟು, ಬೀಗದ ಕೈ, ಸುಣ್ಣ ಸವರಿದ್ದು, ಸುಳ್ಳು ರುಜು. ಕೆಲಸ ಹೋಗಲಿಲ್ಲ. ಹೋಗುತ್ತದೆಂದು ಹೆದರಿ ನಾನು ಮುಚ್ಚಿಟ್ಟದ್ದು ಅದರಿಂದ ಇನ್ನಷ್ಟು ನಾಚಿಕೆಗೇಡಾಯಿತು. ಹುದ್ದೆಯಲ್ಲಿ ಕೆಳಗಿಳಿಸಿ ಗೌರಿಬಿದನೂರಿಗೆ ಹಾಕಿದರು. ಚೆನ್ನರಾಯಪ್ಪನನ್ನು ಬೆಂಗಳೂರಿಗೆ ಕಳಿಸುವ ಮಾತು ನಿಂತಿತು. ಮುಂದಿನ ಬೇಸಿಗೆಯಲ್ಲಿ ಮುನಿಶಾಮಪ್ಪ ಉಳಿದ ಸಿಮೆಂಟನ್ನೆಲ್ಲ ಕಿತ್ತುಹಾಕಿ, ಹೊಸ ತೊಲೆ ಕೂರಿಸಿ, ಸುಣ್ಣದ ಗಾರೆ ಹಾಕಿಸಿದ. ನಾನು ರಜ ಹಾಕಿ ಬಂದು ಗಾರೆಗೆ ನೀರು ಹೊತ್ತೆ. ಹೆಂಗಸರು ಸಾಲಾಗಿ ಕೂತು ಬಡಿಯುವುದನ್ನು ನೋಡಿದೆ. ಹದಿನಾಲ್ಕನೇ ದಿನ ಕೊಡತಿಯ ಸದ್ದು ದಬ್ ಎನ್ನುತ್ತಿದ್ದುದು ಠಣ್ ಎಂದು ತಿರುಗಿತು. ಮುನಿಶಾಮಪ್ಪ ನನ್ನ ಕಡೆ ನೋಡಿ, “ಇದು ಯಾವ ಪುಸ್ತಕದಲ್ಲೂ ಇಲ್ಲ ಸ್ವಾಮಿ,” ಎಂದ. ಅಷ್ಟು ಅನ್ನುವ ಹಕ್ಕು ಅವನಿಗಿತ್ತು.

“ಮೊದಲ್ನೇ ಮಳೆಗೆ ಬರ್ತೀರಾ?” ಎಂದೂ ಕೇಳಿದ. “ನೀವೂ ಕೈ ಹಾಕಿದ್ದೀರಲ್ಲ.”

ಮೇ ತಿಂಗಳ ಕೊನೆಯಲ್ಲಿ ಹೋದೆವು. ಹೆಂಡತಿ, ಮಗಳು, ಮಡಿಲಲ್ಲಿ ಮೂರು ತಿಂಗಳ ಮಗ. ಮೂರು ದಿನ ಕಾದ ಮೇಲೆ, ನಾಲ್ಕನೇ ದಿನ ಮಧ್ಯಾಹ್ನ ಮಳೆ ಬಂತು. ಮುನಿಶಾಮಪ್ಪನ ಸಂಸಾರ, ನನ್ನ ಸಂಸಾರ, ಹಾಲಿನಲ್ಲಿ ಎದುರು ಬದುರು ಎಲೆ ಹಾಕಿಕೊಂಡು ಕೂತೆವು. ಆವತ್ತು ಅಡಿಗೆ ಅಮ್ಮಾಜಮ್ಮನದೇ. ಕನಕಲಕ್ಷ್ಮಿ ಎಲೆಗೆ ನೀರು ಚಿಮುಕಿಸಿ ಬಡಿಸಿಕೊಂಡಳು. ಮಿಕ್ಕವರೂ ಕೂತರು. ಚೆನ್ನರಾಯಪ್ಪ ಮಾತ್ರ ಹೊಸ್ತಿಲ ಹತ್ತಿರ ನಿಂತುಕೊಂಡಿದ್ದ.

ನಾನು ಎದ್ದು ಅವನ ಹತ್ತಿರ ಹೋದೆ. ಆವತ್ತಿನವರೆಗೂ ಅವನ ಹತ್ತಿರ ಕ್ಷಮೆ ಕೇಳಿರಲಿಲ್ಲ. ಕೇಳಲು ಬಾಯಿ ತೆರೆದಾಗ ಅವನೇ ತಡೆದ.

“ಬಂಕರು ಕುಸಿದು ನಾನು ಉಳಕಂಡೆ ಅಂತಾರಲ್ಲ ಸ್ವಾಮಿ. ಅದು ಸುಳ್ಳು. ಕುಸಿದಾಗ ನಾನು ಒಳಗೇ ಇರ್ಲಿಲ್ಲ. ದಿಮ್ಮಿ ಸದ್ದು ನನಗೇ ಮೊದಲು ಕೇಳಿಸ್ತು. ಎದ್ದು ಆಚೆಗೆ ಓಡಿಬಂದೆ. ಮೂರು ಜನ ಊಟ ಮಾಡ್ತಾ ಕೂತಿದ್ರು. ಒಂದು ಕೂಗು ಹಾಕ್ಲಿಲ್ಲ.” ಮಳೆಯ ಕಡೆಗೆ ತಿರುಗಿದ. “ನೀವು ವಾಪಸ್ ಬಂದ್ರಿ. ನಾನು ಹೋಗ್ಲಿಲ್ಲ.”

ಅವನ ಕೈ ಹಿಡಿದುಕೊಂಡೆ. ಅವನು ಕಿವಿಗೊಟ್ಟು ನಿಂತಿದ್ದ. ಆಮೇಲೆ ಕೇಳಿದ. “ಈಗ ನಿಮಗೇನಾದ್ರೂ ಕೇಳಿಸ್ತದಾ?”

ನಾನೂ ಕಿವಿಗೊಟ್ಟೆ. ಮಳೆಯ ಸದ್ದು ಸುಣ್ಣದ ಮೇಲೆ ಮೆತ್ತಗೆ ಇಳಿಯುತ್ತಿತ್ತು. ಬೇರೇನೂ ಇರಲಿಲ್ಲ. “ಇಲ್ಲ,” ಎಂದೆ. ಹೋದ ವರ್ಷ ಅದೇ ಬಾಗಿಲಿನ ಆಚೆ, ವರಾಂಡದಲ್ಲಿ, ಅದೇ ಮಾತನ್ನು ಅವನಿಗೆ ಹೇಳಿದ್ದೆ. ಅವನು ನನ್ನ ಮುಖ ನೋಡಿ, ಒಳಗೆ ಬಂದು, ಬಾಗಿಲಿಗೆ ಹತ್ತಿರದ ಎಲೆಯ ಮುಂದೆ ಕೂತ.

ನಾನೂ ಕೂತು ಊಟ ಮಾಡಿದೆ. ಮಾಡುವಾಗ ಮಗಳ ಎಲೆಯ ಕಡೆ ಮೂರು ಸಲ ನೋಡಿದೆ. ಅನ್ನದ ಮೇಲೆ ಏನೋ ಕಪ್ಪಗೆ ಕಾಣಿಸಿ ಮೂರು ಸಲವೂ ತುತ್ತು ಎತ್ತಿದ ಕೈ ನಿಂತಿತು. ಮೂರು ಸಲವೂ ಅದು ಒಗ್ಗರಣೆಯ ಸಾಸಿವೆ. ಕೊನೆಯ ಸಲ ತಲೆ ಎತ್ತಿದಾಗ ಚೆನ್ನರಾಯಪ್ಪ ನನ್ನನ್ನೇ ನೋಡುತ್ತಿದ್ದ.

“ಇನ್ನು ಅದು ಹೋಗಲ್ಲ ಸ್ವಾಮಿ,” ಎಂದ. “ಊಟ ಮಾಡಿ.”